ಚಿತೂತುವಿನಲ್ಲಿ ಬಾರಿಸದ ಫೋನು

"ನ್ಯಾಜಿಂಬಾ ಇರೋ ಕಡೆ ಕೋಳಿ ಸಾಕೋದೇ ದಂಡ" ಎಂದು ನಮ್ಮ ಸಾಲಿನ ಹೆಂಗಸರು ಹೇಳುತ್ತಿದ್ದರು. ಕಸೆಂಗೆರಾ ಮಿಷನ್ ಆಸ್ಪತ್ರೆಯ ಹಿಂದೆ ಕೆಲಸಗಾರರ ಮನೆಗಳು ಎರಡು ಸಾಲು ಇವೆ. ತುದಿಯ ಮನೆ ಆಕೆಯದು. ಬೆಳಕು ಹರಿಯುವ ಹೊತ್ತಿಗೆ ಈ ತುದಿಯಿಂದ ಆ ತುದಿಯವರೆಗೆ ಪ್ರತಿ ಬಾಗಿಲಲ್ಲೂ ನಿಂತು "ಒಡೀ" ಎಂದು ಕೂಗುವಳು. ಒಳಗಿನಿಂದ "ಒಡೀನಿ" ಎಂಬ ಮರುದನಿ ಬರುವವರೆಗೆ ಕಾಲು ಕೀಳುತ್ತಿರಲಿಲ್ಲ. ಒಳಗೆ ಬರುತ್ತಿರಲಿಲ್ಲ, ಚಹಾ ಕೇಳುತ್ತಿರಲಿಲ್ಲ. ಮರುದನಿ ಸಿಕ್ಕಿದರೆ ಮುಂದಿನ ಬಾಗಿಲಿಗೆ. "ನಾವು ಸತ್ತಿದೀವೋ ಬದುಕಿದೀವೋ ಅಂತ ಎಣಿಸೋಕೆ ಬರ್ತಾಳೆ" ಎಂದು ಕೆಲವರು ಮುಖ ಗಂಟಿಕ್ಕುತ್ತಿದ್ದರು. ಎದುರು ಮನೆಯ ಮುದುಕಿ ಮಾತ್ರ ಇನ್ನೊಂದು ಮಾತು ಸೇರಿಸುತ್ತಿದ್ದಳು: "ಅವಳ ಕಾಲಿಗೆ ಆಯಾಸವಿಲ್ಲ, ಬಾಯಿಗೆ ಚಿಲಕವಿಲ್ಲ. ಎರಡರಲ್ಲಿ ಒಂದು ಅವಳನ್ನ ಕೆಡಿಸುತ್ತೆ."

ನಾನು ಪಕ್ಕದ ಮನೆಯವನು, ಲೇಟನ್. ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ನಾವಿಬ್ಬರೇ ಆಪರೇಟರುಗಳು. ಒಬ್ಬರ ಪಾಳಿ ಮುಗಿದರೆ ಇನ್ನೊಬ್ಬರದು. ಆದ್ದರಿಂದ ಈ ಸಂಗತಿ ನನಗೆ ಬೇರೆಯವರಿಗಿಂತ ಹೆಚ್ಚು ಗೊತ್ತು, ಬೇರೆಯವರಿಗಿಂತ ಹೆಚ್ಚು ಉರಿಯುತ್ತದೆ ಕೂಡ.

ಆ ಕೂಗುವ ಚಾಳಿ ಆಕೆಗೆ ಬಂದದ್ದು ಕೆಲಸದಿಂದ. ಹದಿನೆಂಟು ವರ್ಷದ ಹುಡುಗಿಯಾಗಿ ಅಂಚೆ ಕಚೇರಿಯ ಹಳೆಯ ಎಕ್ಸ್‌ಚೇಂಜಿನಲ್ಲಿ ಕುಳಿತವಳು. ಮುಂದೆ ತೂತುಗಳ ಹಲಗೆ, ಕೈಯಲ್ಲಿ ಆ ತೂತಿಗೆ ಚುಚ್ಚುವ ತಂತಿಬಳ್ಳಿಯ ತುದಿ. ದಿನ ಶುರುವಾಗುವ ಮುನ್ನ ಒಂದೊಂದು ತಂತಿಗೂ ಗಂಟೆ ಕೊಟ್ಟು, ಆ ತುದಿಯಿಂದ ಮನುಷ್ಯನ ದನಿ ಬಂದ ಮೇಲೆಯೇ ಪುಸ್ತಕದಲ್ಲಿ ಗುರುತು ಹಾಕಬೇಕು. ಅದು ಅಲ್ಲಿಯ ನಿಯಮ. ಗಂಡ ದಕ್ಷಿಣದ ಗಣಿಗೆ ಹೋಗಿ ಅಲ್ಲೇ ಇನ್ನೊಂದು ಒಲೆ ಹೂಡಿದ. ಎಕ್ಸ್‌ಚೇಂಜು ಮುಚ್ಚಿತು, ತಂತಿಯನ್ನು ಕಳ್ಳರು ಕಡಿದುಕೊಂಡು ಹೋದರು. ಆಕೆ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಮಿಷನ್ ಆಸ್ಪತ್ರೆಗೆ ಬಂದಳು, ಆ ನಿಯಮವನ್ನೂ ಜೊತೆಗೆ ತಂದಳು. ಬೆಳಿಗ್ಗೆ ವಾರ್ಡುಗಳಿಗೆಲ್ಲ ಒಂದು ಸುತ್ತು ಫೋನು. "ಒಡೀ, ಹೆರಿಗೆ ವಾರ್ಡ್." "ಒಡೀನಿ ನ್ಯಾಜಿಂಬಾ, ಇನ್ನೂ ಬದುಕಿದೀವಿ." ಗುರುತು.

ಆಮೇಲೆ ಇಂಟರ್ನೆಟ್ ಫೋನುಗಳು ಬಂದವು. ಸರೋವರದ ದಂಡೆಯ ಚಿತೂತುವಿನಂಥ ಹಳ್ಳಿಗಳಲ್ಲೂ ಬೆಟ್ಟದ ಮೇಲೂ ಚದುರಿದ ನಮ್ಮ ಹನ್ನೊಂದು ಆರೋಗ್ಯ ಕೇಂದ್ರಗಳಿಗೆ ಒಂದೊಂದು ಫೋನು, ಮಾಡಿನ ಮೇಲೆ ಮೊಬೈಲ್ ಕಂಪನಿಯ ಇಂಟರ್ನೆಟ್ ಹಿಡಿಯುವ ಒಂದೊಂದು ಆಂಟೆನಾ, ಪಕ್ಕದಲ್ಲಿ ಸೋಲಾರ್ ಹಲಗೆ. ರಾಜಧಾನಿ ಲಿಲೊಂಗ್ವೆಯ ಒಂದು ಕಂಪನಿಯಿಂದ ಕಪೀಟೊ ಎಂಬ ತಂತ್ರಜ್ಞ ಬಂದು ನಮ್ಮ ಕೋಣೆಯ ಮೂಲೆಯಲ್ಲಿ ಹೊಸ ಯಂತ್ರ ಇಟ್ಟ. ನ್ಯಾಜಿಂಬಾ ಅವನನ್ನು ಬಿಡಲಿಲ್ಲ.

"ತಂತಿಯೇ ಇಲ್ವಲ್ಲಪ್ಪ. ಚಿತೂತುವಿನ ಫೋನು ಎಲ್ಲಿದೆ ಅಂತ ಇದಕ್ಕೆ ಹೆಂಗೆ ಗೊತ್ತಾಗುತ್ತೆ?"

"ಫೋನೇ ಹೇಳುತ್ತೆ ಅಮ್ಮ. ನಾನು ಚಿತೂತು, ಇಂಥಾ ವಿಳಾಸದಲ್ಲಿದೀನಿ ಅಂತ. ಯಂತ್ರ ಬರ್ಕೊಳ್ಳುತ್ತೆ. ಅದಕ್ಕೊಂದು ಗಡುವು. ಗಡುವು ಮುಗಿಯೋದ್ರೊಳಗೆ ಫೋನು ಮತ್ತೆ ಹೇಳ್ಬೇಕು. ಹೇಳ್ಲಿಲ್ವಾ, ಯಂತ್ರ ಹೆಸರು ಹೊಡೆದು ಹಾಕುತ್ತೆ."

"ಗಡುವು ಎಷ್ಟು?"

"ಎರಡು ನಿಮಿಷ. ಆದ್ರೆ ಒಂದು ನಿಮಿಷಕ್ಕೇ ಹೇಳೋ ಹಂಗೆ ಇಟ್ಟಿದೀನಿ. ಒಂದ್ಸಲದ್ದು ದಾರೀಲಿ ಕಳೆದುಹೋದ್ರೂ ಇನ್ನೊಂದಕ್ಕೆ ಹೊತ್ತಿರ್ಲಿ ಅಂತ."

"ಮರ್ಯಾದಸ್ಥ ಫೋನು ಕಣಯ್ಯ" ಎಂದಳು. "ನಾನು ದಿನಕ್ಕೊಂದ್ಸಲ ಕೂಗ್ತೀನಿ, ಅದು ನಿಮಿಷಕ್ಕೊಂದ್ಸಲ."

ಮೂರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಆಡಳಿತಾಧಿಕಾರಿ ಹರಾವಾ ಅವರ ಕಣ್ಣು ಬಂಡಲ್‌ಗಳ ಮೇಲೆ ಬಿತ್ತು. ಇಡೀ ತಿಂಗಳಿಗೆಂದು ಮೊದಲೇ ದುಡ್ಡು ಕಟ್ಟಿ ಕೊಂಡ ಕೇಂದ್ರಗಳ ಇಂಟರ್ನೆಟ್ ಬಂಡಲ್ ಇಪ್ಪತ್ತನೇ ತಾರೀಖಿಗೇ ಖಾಲಿ. ಫೋನುಗಳು ನಿಮಿಷ ನಿಮಿಷಕ್ಕೂ "ಇದೀನಿ, ಇದೀನಿ" ಎಂದರೆ ಖಾಲಿಯಾಗದೆ ಏನು. ಹರಾವಾ ಕಪೀಟೊನಿಗೆ ಹೇಳಿದರು, ಕಪೀಟೊ ಲಿಲೊಂಗ್ವೆಯಲ್ಲಿ ಕುಳಿತುಕೊಂಡೇ ಗಡುವನ್ನು ಎರಡು ಗಂಟೆಗೆ ಎಳೆದ. ಇನ್ನು ಫೋನು ಗಂಟೆಗೊಮ್ಮೆ ಹೇಳಿದರೆ ಸಾಕು. ಜೊತೆಗೆ ಇನ್ನೊಂದು ಆಜ್ಞೆ: ಬೆಳಗಿನ ಸುತ್ತಿನ ಕರೆಗಳು ಬಂದ್. ಅದೂ ಬಂಡಲ್ ತಿನ್ನುತ್ತದಂತೆ.

ನ್ಯಾಜಿಂಬಾ ಸಭೆಯಲ್ಲಿ ಎದ್ದು ನಿಂತಳು. "ಬ್ವಾನಾ, ಮೊದಲು ಒಂದು ನಿಮಿಷ ಅಂತ ಇಟ್ಟಿದ್ದು ಏನೋ ಕಾರಣಕ್ಕೆ ಇರ್ಬೇಕಲ್ಲ. ನಾವು ಕರೆದೂ ನೋಡದೆ ಹೋದ್ರೆ ಅವರು ಅಲ್ಲಿದಾರೆ ಅಂತ ತಿಳಿಯೋದು ಹೆಂಗೆ?"

"ಪರದೆ ನೋಡಿ ತಿಳಿಯೋದು" ಎಂದರು ಹರಾವಾ. "ಹನ್ನೊಂದು ದೀಪ, ಹನ್ನೊಂದೂ ಹಸಿರು. ಇದು ನಿಮ್ಮ ಅಜ್ಜನ ಕಾಲದ ಬಳ್ಳಿ ಚುಚ್ಚೋ ಹಲಗೆ ಅಲ್ಲ ನ್ಯಾಜಿಂಬಾ." ಸಭೆಯಲ್ಲಿ ನಗು ಎದ್ದಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆಕೆ ಕುಳಿತುಬಿಟ್ಟಳು.

ಕೇಂದ್ರಗಳಿಂದ ಆಸ್ಪತ್ರೆಗೆ ಕರೆಗಳು ಸರಾಗ ಬರುತ್ತಿದ್ದವು. ನಾವಾಗಿ ಅವರನ್ನು ಕರೆಯುವುದೇ ಅಪರೂಪ. ಕರೆದಾಗ ಯಾರೂ ಎತ್ತದಿದ್ದರೆ, "ಮೀನು ಒಣಗಿಸೋಕೆ ಹೋಗಿರ್ತಾರೆ ಬಿಡು" ಎಂದು ನಗುತ್ತಿದ್ದೆವು. ಆ ನಗುವಿನ ಬೆಲೆ ಏನೆಂದು ಅಕ್ಟೋಬರಿನ ಒಂದು ಬುಧವಾರ ತಿಳಿಯಿತು.

ಚಿತೂತು ದಂಡೆಯ ಹಳ್ಳಿ. ರಸ್ತೆಯಿಲ್ಲ, ದೋಣಿಯೇ ಗತಿ. ಮಾಡಿನ ಆಂಟೆನಾಕ್ಕೆ ಬಿಟ್ಟರೆ ಕೈಯ ಮೊಬೈಲಿಗೆ ಅಲ್ಲಿ ಸಿಗ್ನಲ್ ಇಲ್ಲ. ಅಲ್ಲಿಯ ನರ್ಸು ತಿವೊಂಗೆ ಮ್ಹಾಂಗೊ, ಆರು ವರ್ಷದಿಂದ ಒಬ್ಬಳೇ ಇರುವವಳು. ಆ ದಿನ ಮಧ್ಯಾಹ್ನ ಒಂದಕ್ಕೆ ಆಕೆಯ ಕರೆ ಬಂತು. ಮಗು ಅಡ್ಡ ತಿರುಗಿದೆ, ಹೊತ್ತು ಹೆಚ್ಚಿಲ್ಲ. ಆಸ್ಪತ್ರೆಯ ದೋಣಿ ಹೊರಡುತ್ತದೆ, ತಾಯಿಯನ್ನು ದಂಡೆಗೆ ತಂದಿರು ಎಂದರು ಡಾಕ್ಟರು. ಎರಡಕ್ಕೆ ದೋಣಿಯ ಎಂಜಿನ್ ಕಟ್ಟೆಯಲ್ಲೇ ಸುಟ್ಟುಹೋಯಿತು. "ಚಿತೂತುಗೆ ಹೇಳಿ, ಮೀನುಗಾರರ ದೋಣಿಯಲ್ಲೇ ಕರ್ಕೊಂಡು ಬರ್ಲಿ" ಎಂದು ಡಾಕ್ಟರು ಓಡಿಬಂದರು. ಪಾಳಿ ನ್ಯಾಜಿಂಬಾಳದು. ಎರಡೂ ಹತ್ತಕ್ಕೆ ಕರೆದಳು. ಎರಡೂ ಇಪ್ಪತ್ತಕ್ಕೆ. ಎರಡೂ ನಲವತ್ತಕ್ಕೆ. ಮೂರೂ ಐದಕ್ಕೆ. ನಾಲ್ಕು ಸಲವೂ ಆಕೆಯ ಕಿವಿಯಲ್ಲಿ ಗಂಟೆ ಬಾರಿಸಿತು, ನಾಲ್ಕು ಸಲವೂ ಯಾರೂ ಎತ್ತಲಿಲ್ಲ. ನಿಯಮದಂತೆ ಪುಸ್ತಕದಲ್ಲಿ ನಾಲ್ಕು ಸಾಲು ಬರೆದಳು: ಚಿತೂತು. ರಿಂಗ್ ಆಯಿತು. ಎತ್ತಲಿಲ್ಲ.

ನಾಲ್ಕೂವರೆಗೆ ತಿವೊಂಗೆಯೇ ಕರೆದಳು. "ದೋಣಿ ಎಲ್ಲಿ?"

ಮೀನುಗಾರರ ಎಂಜಿನ್ ದೋಣಿಗಳು ಮೂರು, ಆ ಮಧ್ಯಾಹ್ನವೆಲ್ಲ ಅವಳ ಕಣ್ಣೆದುರೇ ಮರಳಿನ ಮೇಲೆ ಮಲಗಿದ್ದವು. ಒಂದರಲ್ಲಿ ತಾಯಿಯನ್ನು ಹಾಕಿಕೊಂಡು ಹೊರಟರು, ಆರೂವರೆಗೆ ಬಂದು ಮುಟ್ಟಿದರು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಎರಡು ದಿನದಲ್ಲಿ ತಿವೊಂಗೆಯ ಹೆಸರಿಗೆ ಹರಾವಾ ಅವರ ಕಾಗದ ಹೊರಟಿತು: ಕರ್ತವ್ಯದ ವೇಳೆ ಫೋನಿನ ಬಳಿ ಇರಲಿಲ್ಲ, ನಾಲ್ಕು ಕರೆಗಳಿಗೆ ಉತ್ತರಿಸಲಿಲ್ಲ, ವಿಚಾರಣೆಯವರೆಗೆ ಅಮಾನತು. ಯಂತ್ರದ ದಾಖಲೆಯ ಪ್ರಕಾರ ಚಿತೂತುವಿನ ಫೋನು ಇಡೀ ಮಧ್ಯಾಹ್ನ ಹಸಿರು. ಜೊತೆಗೆ ಲಗತ್ತು, ನ್ಯಾಜಿಂಬಾಳ ಕೈಬರಹದ ನಾಲ್ಕು ಸಾಲು. ತಪ್ಪು ಸಾಬೀತಾದರೆ ತಿವೊಂಗೆ ಈ ದೇಶದಲ್ಲಿ ಮತ್ತೆ ನರ್ಸಿನ ಬಟ್ಟೆ ತೊಡುವಂತಿಲ್ಲ.

ತಿವೊಂಗೆ ನೇರವಾಗಿ ತುದಿಮನೆಗೆ ಬಂದಳು. ಬಾಗಿಲಲ್ಲಿ ಕೂಗಲೂ ಇಲ್ಲ. ನಾವಿಬ್ಬರೂ ಅಂಗಳದಲ್ಲಿ ಉಸಿಪಾ ಮೀನು ಆರಿಸುತ್ತಿದ್ದೆವು.

"ಅಕ್ಕಾ, ನೀವೇ ಬರೆದಿದ್ದಂತೆ."

"ನನ್ನ ಕಿವಿಯಾರೆ ಕೇಳಿದೀನಿ ಕಣೇ. ನಾಲ್ಕು ಸಲ ಬಾರಿಸ್ತು."

"ನಾನು ಫೋನಿನ ಪಕ್ಕದ ಬೆಂಚಿನ ಮೇಲಿದ್ದೆ. ಬಿಸಿಲು ಅಂತ ದಂಡೆಯಿಂದ ಆ ತಾಯೀನ ಒಳಗೆ ತಂದಿದ್ವಿ. ಅವಳ ತಲೆ ನನ್ನ ತೊಡೆ ಮೇಲಿತ್ತು. ಆ ಫೋನು ಒಂದ್ಸಲ, ಒಂದೇ ಒಂದ್ಸಲ ಬಾರಿಸಿದ್ರೆ ನನ್ನ ಕೈ ಒಣಗಿಹೋಗ್ಲಿ. ಚಿತೂತುವಿನ ಹೆಂಗಸರು ಈಗ ನನ್ನ ಬಾವಿಗೆ ಸೇರಿಸ್ತಿಲ್ಲ ಅಕ್ಕಾ. ನಿದ್ದೆ ಹೊಡೆದವಳು ಅಂತಾರೆ."

ನ್ಯಾಜಿಂಬಾ ಮೀನಿನ ಬುಟ್ಟಿ ಕೆಳಗಿಟ್ಟಳು. "ಕೂತ್ಕೋ, ಉಣ್ಣು. ನಾಳೆ ನಿನ್ ಜೊತೆ ಚಿತೂತುಗೆ ಬರ್ತೀನಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ನಿನ್ನ ಗಡಿಯಾರ ಬಿಚ್ಚು" ಎಂದಳು.

ಎರಡು ಗಡಿಯಾರಗಳನ್ನೂ ಒಂದೇ ಹೊತ್ತಿಗೆ ತಿರುಗಿಸಿದೆವು. ಏರ್ಪಾಡು ಹೀಗೆ: ಮಾರನೆಯ ದಿನ ಹನ್ನೊಂದಕ್ಕೆ ಚಿತೂತುವಿನಿಂದ ಆಕೆ ನನ್ನನ್ನು ಕರೆಯುತ್ತಾಳೆ. ಆ ಮಾತು ಮುಗಿದ ಒಂದು ನಿಮಿಷಕ್ಕೆ ನಾನು ಕರೆಯಬೇಕು. ಅದು ಮುಗಿದ ಎರಡು ನಿಮಿಷಕ್ಕೆ, ಆಮೇಲೆ ಮೂರಕ್ಕೆ, ಐದಕ್ಕೆ, ಹತ್ತಕ್ಕೆ, ಇಪ್ಪತ್ತಕ್ಕೆ. ಹಾಗೇ ಕರೆದೆ. ಒಂದು ನಿಮಿಷಕ್ಕೆ ಎತ್ತಿದಳು. ಎರಡಕ್ಕೆ ಎತ್ತಿದಳು. ಮೂರಕ್ಕೆ ಎತ್ತಿ, "ಇನ್ನೂ ಕೇಳಿಸ್ತಿದೆ, ನಡೆಸು" ಎಂದಳು. ಐದಕ್ಕೆ ನನ್ನ ಕಿವಿಯಲ್ಲಿ ಗಂಟೆ ಬಾರಿಸುತ್ತಲೇ ಇತ್ತು, ಆ ಕಡೆ ಯಾರೂ ಎತ್ತಲಿಲ್ಲ. ಹತ್ತಕ್ಕೂ ಇಲ್ಲ, ಇಪ್ಪತ್ತಕ್ಕೂ ಇಲ್ಲ. ಪರದೆ ನೋಡಿದೆ. ಚಿತೂತು ಹಸಿರು.

ಸಂಜೆ ಆಕೆ ಸೊಂಟಕ್ಕೆ ಸುತ್ತಿದ ಒದ್ದೆ ಚಿತೆಂಜೆ ಬಟ್ಟೆ ಹಿಂಡಿಕೊಳ್ಳುತ್ತ ದೋಣಿಯಿಂದ ಇಳಿದಳು.

"ನಂಗೆ ರಿಂಗ್ ಕೇಳಿಸ್ತಲ್ಲ ಅಕ್ಕ, ಎಲ್ಲಾ ಸಲನೂ?"

"ನಿನ್ನ ಯಂತ್ರ ನಿನಗೆ ಊದಿದ ಪೀಪಿ ಅದು. ಅಲ್ಲಿ ಸೊಳ್ಳೆ ಗುಂಯ್ ಅಂದಿದ್ದು ಕೇಳಿಸ್ತು, ಫೋನು ಕೇಳಿಸ್ಲಿಲ್ಲ. ಮೂರು ನಿಮಿಷ ಸುಮ್ಮನಿದ್ರೆ ಪರವಾಗಿಲ್ಲ, ಐದು ನಿಮಿಷ ಸುಮ್ಮನಿದ್ರೆ ಮೊಬೈಲಿನವರು ನಡುವಿನ ದಾರಿ ಮುಚ್ಚಿಬಿಡ್ತಾರೆ ಅಂತ ಕಾಣುತ್ತೆ. ಆ ಕಡೆಯಿಂದ ಫೋನು ಮಾತಾಡಿದ್ರೆ ಮತ್ತೆ ತೆಗೀತಾರೆ. ನಿಮಿಷಕ್ಕೊಂದ್ಸಲ ಮಾತಾಡ್ತಿದ್ದಾಗ ದಾರಿ ಮುಚ್ಚೋಕೆ ಪುರಸೊತ್ತೇ ಇರ್ಲಿಲ್ಲ. ಈಗ ಗಂಟೆಗೊಂದ್ಸಲ. ನಾಲ್ಕೈದು ನಿಮಿಷ ಕಿವಿ, ಉಳಿದಿದ್ದೆಲ್ಲ ಕಿವುಡು. ಯಂತ್ರ ಮಾತ್ರ ತನ್ನ ಗಡುವು ಮುಗೀಲಿಲ್ಲ ಅಂತ ಹಸಿರು ಹಚ್ಕೊಂಡು ಕೂತಿದೆ." ಆಕೆ ಕಟ್ಟೆಯ ಕಲ್ಲಿನ ಮೇಲೆ ಕುಳಿತಳು. "ಬರೆದೋಳು ನಾನು ಲೇಟನ್. ನನ್ನ ಕಿವೀಲಿ ಬಾರಿಸಿದ್ದನ್ನ ಅವಳ ಮೇಲೆ ಬರೆದೆ."

ವಿಚಾರಣೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಊಟದ ಕೋಣೆಯಲ್ಲಿ. ಹರಾವಾ, ಡಾಕ್ಟರು, ಲಿಲೊಂಗ್ವೆಯಿಂದ ಬಂದ ಕಪೀಟೊ, ಬೆಂಚಿನ ತುದಿಯಲ್ಲಿ ತಿವೊಂಗೆ. ಕಪೀಟೊ ದಾಖಲೆ ಓದಿದ. ನೋಂದಣಿ ಸರಿ, ಗಡುವು ಸರಿ, ದೀಪ ಸರಿ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದ.

ನ್ಯಾಜಿಂಬಾ ಎದ್ದಳು. "ಚಿತೂತುವಿನ ಫೋನಿನ ಮುಂದೆ ಈಗ ಊರಿನ ಮುಖ್ಯಸ್ಥರು ಕೂತಿದಾರೆ. ಜೊತೆಗೆ ಚರ್ಚಿನ ಹಿರಿಯರು ಇಬ್ಬರು. ಒಂಬತ್ತೂವರೆಯಿಂದ ಕೂತಿರಿ ಅಂತ ಹೇಳಿ ಬಂದಿದೀನಿ. ಕರೀರಿ ಅಪ್ಪಾ, ಎತ್ತುತಾರೆ."

ಕಪೀಟೊ ಹರಾವಾ ಅವರ ಮುಖ ನೋಡಿದ. ಮೇಜಿನ ಫೋನಿನಿಂದ ಕರೆದ, ಎಲ್ಲರಿಗೂ ಕೇಳುವಂತೆ ಇಟ್ಟ. ಗಂಟೆ ಬಾರಿಸಿತು. ಬಾರಿಸುತ್ತಲೇ ಇತ್ತು. ಲ್ಯಾಪ್‌ಟಾಪ್ ಪರದೆಯಲ್ಲಿ ಚಿತೂತು ಹಸಿರು.

"ಮುಖ್ಯಸ್ಥರು ನಿದ್ದೆ ಹೊಡೀತಿರ್ಬೇಕು" ಎಂದಳು ನ್ಯಾಜಿಂಬಾ. "ಅವರಿಗೂ ಒಂದು ಅಮಾನತು ಕಾಗದ ಬರೀರಿ ಬ್ವಾನಾ."

ಯಾರೂ ನಗಲಿಲ್ಲ. ಹತ್ತೂವರೆಗೆ, ಆಕೆ ಹೇಳಿ ಬಂದಿದ್ದ ಹೊತ್ತಿಗೆ ಸರಿಯಾಗಿ, ಮೇಜಿನ ಫೋನು ಬಾರಿಸಿತು. ಮುದುಕನ ದನಿ. "ನ್ಯಾಜಿಂಬಾ ಇದಾಳಾ? ಒಂದು ಗಂಟೆಯಿಂದ ಈ ಪೆಟ್ಟಿಗೆ ಮುಂದೆ ಕೂತಿದೀವಿ. ಯಾರೂ ಕರೀಲಿಲ್ಲವಲ್ಲ. ಮನೆಗೆ ಹೋಗ್ಬಹುದಾ? ಬಲೆ ಎಳೆಯೋದಿದೆ."

ಕಪೀಟೊ ಹಣೆ ಒರೆಸಿಕೊಂಡ. ಮೆಲ್ಲಗೆ ಹೇಳಿದ: "ದಾರಿ ಮುಚ್ಚುತ್ತೆ ಅಂತ ಗೊತ್ತಿತ್ತು. ಅದಕ್ಕೇ ಮೊದಲು ನಿಮಿಷ ಅಂತ ಇಟ್ಟಿದ್ದು. ಬಂಡಲ್ ಉಳಿಸಿ ಅಂದ್ರು. ಬದಲಾಯಿಸಿದೆ."

"ಗೊತ್ತಿತ್ತು" ಎಂದಳು ನ್ಯಾಜಿಂಬಾ. ಆ ಒಂದೇ ಮಾತು. ಆ ಕೋಣೆಯಲ್ಲಿ ಅಷ್ಟು ಸಿಟ್ಟನ್ನು ಅಷ್ಟು ಸಣ್ಣ ದನಿಯಲ್ಲಿ ನಾನು ಹಿಂದೆ ಕೇಳಿರಲಿಲ್ಲ.

ಅಂಕಿಯನ್ನು ಮತ್ತೆ ಒಂದು ನಿಮಿಷಕ್ಕೆ ತರಲು ಕಪೀಟೊನಿಗೆ ಹಿಡಿದದ್ದು ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಅಲ್ಲ. ಕೇಳಿ, ಇದನ್ನೇ ನಾನು ಮರೆಯಲಾರೆ. ಇಷ್ಟು ಸುಲಭದ ಕೆಲಸ. ಒಂದು ಮಗುವನ್ನು ಮಣ್ಣಿಗೆ ಹಾಕಿ, ಒಬ್ಬ ಹೆಣ್ಣುಮಗಳ ಹೆಸರಿಗೆ ಮಸಿ ಬಳಿದು, ಆಮೇಲೆ ಚಹಾ ಆರುವಷ್ಟರಲ್ಲಿ ಸರಿಮಾಡಿದರು.

ಅಲ್ಲಿಗಾದರೂ ನಾಚಿದರೇ? ಹರಾವಾ ಕಾಗದ ಸಿದ್ಧಮಾಡಿಸಿದರು: ತಾಂತ್ರಿಕ ತೊಂದರೆಯ ಸಂಭವವಿರುವುದರಿಂದ ಸಿಸ್ಟರ್ ಮ್ಹಾಂಗೊ ಮೇಲಿನ ದೂರನ್ನು ಸದ್ಯಕ್ಕೆ ಕೈಬಿಡಲಾಗಿದೆ. ಸಾಕ್ಷಿ ಎಂದು ಸಹಿ ಹಾಕಲು ನ್ಯಾಜಿಂಬಾಳನ್ನು ಕರೆಸಿದರು. ಆಕೆ ಎರಡು ಸಲ ಓದಿದಳು.

"ಸದ್ಯಕ್ಕೆ ಅಂದ್ರೆ ಏನು ಬ್ವಾನಾ?"

"ಕಚೇರಿ ಭಾಷೆ ಅದು."

"ಸಂಭವ ಅಂದ್ರೆ? ಎಲ್ಲರ ಕಣ್ಣೆದುರು ಆಗಿದ್ದಕ್ಕೆ ಸಂಭವ ಅಂತಾರಾ ನಿಮ್ಮ ಕಚೇರೀಲಿ?"

"ನ್ಯಾಜಿಂಬಾ, ಹುಡುಗಿ ಉಳ್ಕೊಂಡ್ಲು. ನೀವೂ ಉಳ್ಕೊಳ್ಳಿ. ಮುಂದಿನ ತಿಂಗಳ ಕೊನೆಗೆ ನಿಮ್ಮ ಕರಾರು ಮುಗಿಯುತ್ತೆ. ಅರವತ್ತಾಯ್ತು. ಇನ್ನೆರಡು ವರ್ಷ ಮುಂದುವರಿಸೋದು ನನ್ನ ಕೈಲಿದೆ. ಮನೇನೂ ಅದರ ಜೊತೆಗೇ."

ಆಕೆ ಸಹಿ ಹಾಕಲಿಲ್ಲ. ನಮ್ಮ ಕೋಣೆಗೆ ಬಂದು ಕರೆಗಳ ಪುಸ್ತಕ ತೆರೆದು, ತನ್ನ ನಾಲ್ಕು ಸಾಲಿನ ಕೆಳಗೆ ದುಂಡಗೆ ಬರೆದಳು: ಮೇಲಿನದು ಸುಳ್ಳು. ಚಿತೂತುವಿನಲ್ಲಿ ಫೋನು ಬಾರಿಸಲಿಲ್ಲ. ಬಂಡಲ್ ಉಳಿಸಲು, ಫೋನು ನಿಮಿಷಕ್ಕೊಮ್ಮೆ ಹೇಳುವುದನ್ನು ಗಂಟೆಗೊಮ್ಮೆ ಎಂದು ಮಾಡಿದ್ದರು, ಬೆಳಗಿನ ಕರೆ ನಿಲ್ಲಿಸಿದ್ದರು. ನಾನು ಕೇಳಿದ ಗಂಟೆ ಈ ಕೋಣೆಯ ಯಂತ್ರದ್ದು. ಕೊನೆಗೆ ತನ್ನ ಪೂರ್ತಿ ಹೆಸರಿನಲ್ಲಿ ಸಹಿ ಹಾಕಿದಳು: ಕೆಝಿಯಾ ಜಿಂಬಾ. ಅದರ ಪ್ರತಿಯನ್ನು ದಾದಿಯರ ಮಂಡಳಿಗೆ ಅಂಚೆಯಲ್ಲಿ ಹಾಕಿದಳು. ಮೂರು ವಾರದ ಮೇಲೆ ಮಂಡಳಿಯ ಉತ್ತರ ಬಂತು, ತಿವೊಂಗೆಯಿಂದ ಯಾವ ತಪ್ಪೂ ಆಗಿಲ್ಲ ಎಂದು. ಅದರ ಮಾರನೆಯ ದಿನ ಹರಾವಾ ಅವರ ಕಾಗದವೂ ಬಂತು, ಕರಾರು ಮುಂದುವರಿಸುವುದಿಲ್ಲ, ತಿಂಗಳ ಕೊನೆಗೆ ಮನೆ ಬಿಡತಕ್ಕದ್ದು ಎಂದು.

ನಮ್ಮ ಸಾಲಿನ ಹೆಂಗಸರು ಕೊತಕೊತ ಕುದಿದರು. ಹರಾವಾ ಅವರ ಬಾಗಿಲಿಗೆ ಹೋಗೋಣ ಎಂದರು. ನ್ಯಾಜಿಂಬಾ ತಡೆದಳು. ಆಕೆಯ ತಲೆಯಲ್ಲಿ ಬೇರೆಯದೇ ಕೊರೆಯುತ್ತಿತ್ತು. ಮಂಡಳಿಯ ಕಾಗದ ಕೈಯಲ್ಲಿದ್ದರೂ ಚಿತೂತುವಿನ ಬಾವಿಯಲ್ಲಿ ತಿವೊಂಗೆಯ ಕೊಡಕ್ಕೆ ಜಾಗವಿರಲಿಲ್ಲ. ಕಾಗದ ಲಿಲೊಂಗ್ವೆಯದು. ಸಾವಾದ ಮನೆಯ ಚಾಪೆಯ ಮೇಲೆ ಕುಳಿತು ಬಾಯಲ್ಲಿ ಹೇಳದ ಮಾತನ್ನು ಅಲ್ಲಿಯವರು ಮಾತೆಂದು ಎಣಿಸುವುದಿಲ್ಲ, ನಮ್ಮಲ್ಲೂ ಎಣಿಸುವುದಿಲ್ಲ. ಹರಾವಾ ಹೋಗಿ ಹೇಳಬೇಕಿತ್ತು. ಕಪೀಟೊ ಹೋಗಬೇಕಿತ್ತು. ಹೋಗಲಿಲ್ಲ.

ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಆಕೆಯ ಮನೆ ಖಾಲಿಯಾಯಿತು. ಎರಡು ಪಾತ್ರೆ, ಒಂದು ಹಾಸಿಗೆ, ಒಂದು ಟ್ರಂಕು. ಅವನ್ನು ಮ್ಜೂಜೂವಿನಲ್ಲಿರುವ ಮಗಳ ಮನೆಗೆ ಹೋಗುವ ಪಿಕಪ್ಪಿಗೆ ನಾನು ಏರಿಸಿದೆ.

"ನೀವೂ ಹತ್ತಿ ಅಕ್ಕ. ಡ್ರೈವರು ಮುಂದಿನ ಸೀಟು ಇಟ್ಟಿದಾನೆ."

"ಸಾಮಾನು ಹೋಗ್ಲಿ. ನಾನು ನಾಲ್ಕು ದಿನ ಬಿಟ್ಟು ಹೋಗ್ತೀನಿ." ತಿವೊಂಗೆ ಅಂಗಳದಲ್ಲಿ ನಿಂತಿದ್ದಳು, ತಲೆಯ ಮೇಲೆ ಸೀಮಾ ಮುದ್ದೆ ಮಾಡುವ ಮೆಕ್ಕೆಜೋಳದ ಹಿಟ್ಟಿನ ಚೀಲ. ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲ.

"ಆ ತಾಯಿ ನಿಮ್ಮ ಮುಖಕ್ಕೆ ಬಾಗಿಲು ಹಾಕಿದ್ರೆ?" ಎಂದೆ.

"ಹಾಕ್ಲಿ. ಹೊರಗೆ ಕೂತು ಹೇಳ್ತೀನಿ. ಬರೆದಿದ್ದು ನನ್ನ ಕೈ, ಹೇಳೋದೂ ನನ್ನ ಬಾಯೇ ಆಗ್ಬೇಕು. ಇವಳು ನಿರ್ದೋಷಿ ಅಂತ ಇವಳೇ ಹೇಳ್ಕೊಂಡು ತಿರುಗ್ಬೇಕಾ?"

ಬಾಗಿಲು ಎಳೆದು ಬೀಗ ಹಾಕಿದಳು. ಕೀಲಿಯನ್ನು ನನ್ನ ಅಂಗೈಗೆ ಹಾಕಿ, "ಹರಾವಾ ಅವರ ಮೇಜಿನ ಮೇಲಿಡು, ಕೈಗೆ ಕೊಡ್ಬೇಡ" ಎಂದಳು. ಚಿತೆಂಜೆಯನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು ಮೆಟ್ಟಿಲು ಇಳಿದಳು.

"ಆ ಮಗುವಿಗೆ ಹೆಸರಿಟ್ಟಿದ್ರಾ ತಿವೊಂಗೆ?"

"ಇಟ್ಟಿದ್ರು ಅಕ್ಕಾ. ಹುಟ್ಟೋಕೆ ಮುಂಚೆನೇ."

"ಹೇಳು. ಅಲ್ಲಿ ಹೋಗಿ ಆ ಮಗು, ಈ ಮಗು ಅನ್ನೋದು ಚೆನ್ನಾಗಿರಲ್ಲ."

ತಿವೊಂಗೆ ಹೇಳಿದಳು. ನ್ಯಾಜಿಂಬಾ ಅದನ್ನು ಬಾಯಲ್ಲಿ ಒಂದೆರಡು ಸಲ ಅಂದುಕೊಂಡಳು. ಇಬ್ಬರೂ ದೋಣಿಕಟ್ಟೆಯ ಇಳಿಜಾರು ಹಿಡಿದರು.